ಗಾಮಾ ವರ್ಲ್ಡ್‌ನ 2010ರ ಆವೃತ್ತಿ ಹಳೆಯ ಅಭಿಮಾನಿಗಳಿಗೆ ಯಾಕೆ ಹಿಡಿಸಲಿಲ್ಲ?

ಮುಖ್ಯ ಕಾರಣ ಕಾರ್ಡುಗಳು.

ಗಾಮಾ ವರ್ಲ್ಡ್ ನಾಗರಿಕತೆ ನಾಶವಾದ ಮೇಲಿನ ಭೂಮಿಯಲ್ಲಿ ನಡೆಯುವ ರೋಲ್‌ಪ್ಲೇಯಿಂಗ್ ಆಟ, ಅಂದರೆ ಆಡುವವರು ಒಬ್ಬೊಬ್ಬರೂ ಒಂದು ಪಾತ್ರವಾಗಿ ಕಥೆ ನಡೆಸುವ ಆಟ. 1978ರಲ್ಲಿ ಟಿಎಸ್‌ಆರ್ ಕಂಪನಿ ತಂದದ್ದು. ಅದರಲ್ಲಿ ದಾಳ ಉರುಳಿಸಿ ಪಡೆದ ವಿಚಿತ್ರ ಶಕ್ತಿಗಳು ಸಾಮಾನ್ಯವಾಗಿ ಪಾತ್ರದ ಜೊತೆಗೇ ಉಳಿಯುತ್ತಿದ್ದವು. ನಾಲ್ಕು ಕೈ ಬಂದರೆ ಆ ನಾಲ್ಕು ಕೈಯಲ್ಲೇ ಬದುಕಬೇಕು. ಪಾತ್ರದ ಮೇಲೆ ಪ್ರೀತಿ ಹುಟ್ಟುತ್ತಿದ್ದುದೇ ಹೀಗೆ.

2010ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ಇದನ್ನು ಬದಲಿಸಿತು. ಪಾತ್ರ ಎಂಥದ್ದು ಅಂತ ಹೇಳುವ ಎರಡು ‘ಮೂಲ’ಗಳು (ಒರಿಜಿನ್) ಮಾತ್ರ ಸ್ಥಿರ. ಉಳಿದ ಶಕ್ತಿಗಳು ಕಾರ್ಡಿನಿಂದ ಬರುತ್ತವೆ, ಕಾಳಗ ಮುಗಿದರೆ ಬದಲಾಗುತ್ತವೆ. ಇನ್ನೂ ಕಾರ್ಡು ಬೇಕೆಂದರೆ ಬೂಸ್ಟರ್ ಪ್ಯಾಕ್ ಕೊಳ್ಳಬೇಕಿತ್ತು, ಒಳಗೆ ಯಾವುದಿದೆ ಅಂತ ಮೊದಲೇ ಗೊತ್ತಾಗುತ್ತಿರಲಿಲ್ಲ. ಪೆಟ್ಟಿಗೆಯಲ್ಲೇ 80 ಕಾರ್ಡು ಇದ್ದವು, ಆಡಲು ಅಷ್ಟು ಸಾಕು. ಆದರೂ ಜೇಬಿಗೆ ಕೈ ಹಾಕಿದರು ಅನ್ನುವ ಬೇಸರ ಸುಮ್ನೆ ಹುಟ್ಟಿದ್ದಲ್ಲ.

ಕಥೆಯೂ ಬದಲಾಯಿತು. ಮೊದಲು ಜಗತ್ತು ಹಾಳಾದದ್ದು ಯುದ್ಧದಿಂದ. ಈಗ 2012ರಲ್ಲಿ ಸರ್ನ್ (ಯುರೋಪಿನ ಕಣ ಭೌತವಿಜ್ಞಾನ ಸಂಸ್ಥೆ) ನಡೆಸುವ ಪ್ರಯೋಗದಲ್ಲಿ ಹಲವು ಜಗತ್ತುಗಳು ಕಲಸಿಹೋಗುತ್ತವೆ. ತಮಾಷೆ ಜಾಸ್ತಿ, ಭಯ ಕಡಿಮೆ.

ಒಂದು ಸಂಜೆಯ ಆಟಕ್ಕೆ ಇದು ಬಹಳ ಚೆನ್ನಾಗಿದೆ. ತಿಂಗಳುಗಟ್ಟಲೆ ಒಂದೇ ಪಾತ್ರ ಬೆಳೆಸಬೇಕೆಂದರೆ ಹಳೆಯ ಆವೃತ್ತಿಯನ್ನೇ ಹುಡುಕಿ.