ಅಮೆರಿಕದಲ್ಲಿ ಕಪ್ಪು ಮಕ್ಕಳು ನೀರಿನಲ್ಲಿ ಮುಳುಗಿ ಸಾಯುವುದು ಜಾಸ್ತಿ ಯಾಕೆ?

ಮೂಳೆ ಭಾರ, ಮೈ ತೇಲುವುದಿಲ್ಲ ಅನ್ನುವುದೆಲ್ಲ ಸುಮ್ನೆ ಮಾತು. ಈಜು ಕಲಿಯಲು ಅವಕಾಶವೇ ಸಿಗಲಿಲ್ಲ, ಅಷ್ಟೇ. ಅಲ್ಲಿನ ಎಷ್ಟೋ ಸಾರ್ವಜನಿಕ ಈಜುಕೊಳಗಳು ದಶಕಗಳ ಕಾಲ ಬಿಳಿಯರಿಗೆ ಮಾತ್ರ ಮೀಸಲಾಗಿದ್ದವು. 1964ರಲ್ಲಿ ಫ್ಲಾರಿಡಾದ ಸೇಂಟ್ ಆಗಸ್ಟೀನ್‌ನಲ್ಲಿ ಕಪ್ಪು ಜನ ಕೊಳಕ್ಕಿಳಿದರು ಅಂತ ಮೋಟೆಲ್ ಮಾಲೀಕನೊಬ್ಬ ನೀರಿಗೆ ಆಸಿಡ್ ಸುರಿದ! ಎಲ್ಲರನ್ನೂ ಕೊಳದೊಳಗೆ ಬಿಡಿ ಎಂದು ಕೋರ್ಟ್ ಹೇಳಿದಾಗ ಕೆಲವು ಊರುಗಳು ಕೊಳವನ್ನೇ ಮುಚ್ಚಿಬಿಟ್ಟವು. ಅಪ್ಪ ಅಮ್ಮನಿಗೇ ಈಜು ಬಾರದಿದ್ದರೆ ಮಕ್ಕಳನ್ನು ನೀರಿಗಿಳಿಸಲು ಭಯ ಅಲ್ವಾ? 10ರಿಂದ 14 ವರ್ಷದ ಕಪ್ಪು ಮಕ್ಕಳು ಈಜುಕೊಳದಲ್ಲಿ ಸಾಯುವ ಪ್ರಮಾಣ ಬಿಳಿಯ ಮಕ್ಕಳ ಏಳು ಪಟ್ಟಿಗೂ ಹೆಚ್ಚು.

ಗಂಡು ಹೆಣ್ಣಿನ ಲೆಕ್ಕ ಬೇರೆ. ಮುಳುಗಿ ಸಾಯುವವರಲ್ಲಿ ಸುಮಾರು 80% ಗಂಡಸರು. ಅಲ್ಲಿ ಈಜು ಬಾರದಿರುವುದಕ್ಕಿಂತ ಕುಡಿತ ಮತ್ತು ಹುಂಬ ಧೈರ್ಯದ ಪಾಲು ದೊಡ್ಡದು ಅನ್ನಿಸುತ್ತದೆ.