ಗಾಬಾ ರಿಸೆಪ್ಟರ್ ಚುಕ್ಕೆಗಳು ಕಾಣುತ್ತಿಲ್ಲ, ಅವುಗಳಿಗೆ ಅಂಟಿ ಗುರುತು ತೋರಿಸುವ ಆಂಟಿಬಾಡಿ ಯಾವ ಕಂಪನಿಯದ್ದು ತರಿಸಲಿ?

ಯಾವುದನ್ನೂ ತರಿಸಬೇಡಿ. ಇಲಿಯ ಹಿಪೊಕ್ಯಾಂಪಸ್‌ನಲ್ಲಿ (ನೆನಪಿಗೆ ಬೇಕಾದ ಮಿದುಳಿನ ಭಾಗ) ಗಾಬಾ-ಎ ರಿಸೆಪ್ಟರ್‌ನ, ಅಂದರೆ ನರಕೋಶವನ್ನು ತಣಿಸುವ ಗಾಬಾ ರಾಸಾಯನಿಕವನ್ನು ಹಿಡಿಯುವ ಪ್ರೋಟೀನಿನ, ಆಲ್ಫಾ-1, ಆಲ್ಫಾ-5 ಉಪಘಟಕಗಳು ಎರಡೂ ಮಬ್ಬಾಗಿ ಹರಡಿವೆ, ಚುಕ್ಕೆ ಬಂದರೇನೇ ಸ್ಟೇನ್ ಸರಿ ಅಂದಿರಿ. ಪಿಎಚ್‌ಡಿಯಲ್ಲಿ ನಾನೂ ಇದೇ ಮಬ್ಬು ನೋಡಿ ಕಂಪನಿ ಮೇಲೆ ಕಂಪನಿ ಬದಲಿಸಿದವಳು. ಗ್ರಾಂಟ್ ದುಡ್ಡು ಕರಗಿತು, ಗೈಡ್ ಹತ್ತಿರ ಬೈಸಿಕೊಂಡದ್ದು ಬೇರೆ.

ಎಡವಟ್ಟು ಇದ್ದದ್ದು ಫಿಕ್ಸೇಶನ್‌ನಲ್ಲಿ, ಅಂದರೆ ಅಂಗಾಂಶ ಕೆಡದಂತೆ ರಾಸಾಯನಿಕದಿಂದ ಗಟ್ಟಿಮಾಡುವ ಹಂತದಲ್ಲಿ. ರಕ್ತನಾಳಗಳ ಮೂಲಕ 4% ಪ್ಯಾರಾಫಾರ್ಮಾಲ್ಡಿಹೈಡ್ ಹಾಯಿಸಿ, ಮಿದುಳು ತೆಗೆದು, ಮತ್ತೆ ಅದರಲ್ಲೇ ರಾತ್ರಿಯಿಡೀ ಬಿಡುತ್ತಿದ್ದೆ. ಲ್ಯಾಬಿನಲ್ಲಿ ಎಲ್ಲರದ್ದೂ ಅದೇ ಪದ್ಧತಿ. ಅವರಿಗೆ ಪಾರ್ವಾಲ್ಬ್ಯುಮಿನ್ ಚೆನ್ನಾಗೇ ಬರುತ್ತಿತ್ತು. ಆದರೆ ಅದು ಜೀವಕೋಶದ ಒಳಗೆಲ್ಲ ತುಂಬಿಕೊಂಡಿರುವ ಪ್ರೋಟೀನ್. ನರಕೋಶಗಳು ಸಂಧಿಸುವ ಸಿನಾಪ್ಸ್ ಹಾಗಲ್ಲ. ಅಲ್ಲಿ ರಿಸೆಪ್ಟರ್‌ಗಳು ಕೆಳಗಿನ ಗೆಫಿರಿನ್ ಎಂಬ ಆಧಾರ ಪ್ರೋಟೀನ್ ಹಿಡಿದುಕೊಂಡು, ಸಂತೆ ದಿನದ ಬಸ್ಸಿನ ಹಾಗೆ ಒತ್ತೊತ್ತಾಗಿರುತ್ತವೆ. ಚುಕ್ಕೆಯಾಗಿ ಕಾಣಬೇಕಾದದ್ದು ಈ ಗುಂಪೇ. ಆ ದ್ರಾವಣದಲ್ಲಿನ ಫಾರ್ಮಾಲ್ಡಿಹೈಡ್ ಇವನ್ನೆಲ್ಲ ಒಂದಕ್ಕೊಂದು ಬಿಗಿದುಬಿಡುತ್ತದೆ. ಆಂಟಿಬಾಡಿಗೆ ನುಗ್ಗಲು ಜಾಗವೇ ಇಲ್ಲ. ಸಿನಾಪ್ಸ್ ಹೊರಗೆ ಬಿಡಿಬಿಡಿಯಾಗಿರುವ ರಿಸೆಪ್ಟರ್‌ಗಳಿಗೆ ಮಾತ್ರ ಸಲೀಸಾಗಿ ಅಂಟುತ್ತದೆ. ಅಂದರೆ ಹೊಳಪು ಕಡಿಮೆಯಾಗುವುದಷ್ಟೇ ಅಲ್ಲ, ನಕ್ಷೆಯೇ ತಲೆಕೆಳಗಾಗಬಹುದು. ನಾನು ಅದನ್ನೇ ನಂಬಿ, ಆಲ್ಫಾ-1 ಹೆಚ್ಚಾಗಿ ಸಿನಾಪ್ಸ್ ಹೊರಗಿದೆ ಅಂತ ಪೋಸ್ಟರ್ ಹಾಕಿ ನಿಂತೆ! ಹಿರಿಯರೊಬ್ಬರು ನೋಡಿ, "ಎಷ್ಟು ಹೊತ್ತು ಫಿಕ್ಸ್ ಮಾಡಿದ್ರಿ?" ಅಂತ ಕೇಳಿದರು. ಬೇರೇನೂ ಕೇಳಲಿಲ್ಲ.

ಆಮೇಲೆ ಆಮ್ಲಜನಕ ತುಂಬಿದ ಎಸಿಎಸ್‌ಎಫ್ (ಮಿದುಳಿನ ದ್ರವವನ್ನು ಹೋಲುವ ಕೃತಕ ದ್ರಾವಣ) ಹಾಯಿಸಿ, ಮಿದುಳು ತೆಗೆದು, ಸ್ವಲ್ಪ ಹೊತ್ತು ಮಾತ್ರ ಫಿಕ್ಸ್ ಮಾಡತೊಡಗಿದೆ. ಅದೇ ಹಳೇ ಆಂಟಿಬಾಡಿ ಚುಕ್ಕೆ ತೋರಿಸಿತು. ಪ್ರೋಟೀನ್ ಕತ್ತರಿಸುವ ಪೆಪ್ಸಿನ್ ಕಿಣ್ವ ಹಾಕಿ ಬಿಗಿ ಸಡಿಲಿಸುವವರೂ ಇದ್ದಾರೆ. ಜಾಸ್ತಿಯಾದರೆ ಸೆಕ್ಷನ್ ಹಾಳಾಗುತ್ತದೆ, ನನಗಂತೂ ಅದು ಸರಿಬರಲಿಲ್ಲ.

ಇನ್ನು, ಚುಕ್ಕೆ ಬಂದರೇನೇ ಸ್ಟೇನ್ ಸರಿ ಅನ್ನುವ ನಿಮ್ಮ ಲೆಕ್ಕ ನಾನು ಒಪ್ಪುವುದಿಲ್ಲ. ಎಲ್ಲ ಗಾಬಾ-ಎ ರಿಸೆಪ್ಟರ್‌ಗಳೂ ಸಿನಾಪ್ಸ್‌ನಲ್ಲೇ ಗುಂಪುಗೂಡಬೇಕು ಅಂತ ಏನಿಲ್ಲ. ಸೆರೆಬೆಲ್ಲಮ್‌ನ (ಕಿರುಮಿದುಳಿನ) ಗ್ರ್ಯಾನ್ಯೂಲ್ ಕೋಶಗಳಲ್ಲಿ ಡೆಲ್ಟಾ ಉಪಘಟಕ ಇರುವವು ಸಿನಾಪ್ಸ್ ಹೊರಗೇ ಇರುತ್ತವೆ. ನುಸ್ಸರ್, ಸೊಮೊಗ್ಯಿ ತಂಡ 1998ರಲ್ಲೇ ಇದನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಚಿನ್ನದ ಕಣಗಳಿಂದ ಗುರುತಿಸಿ ತೋರಿಸಿತು. ಹಿಪೊಕ್ಯಾಂಪಸ್‌ನ ಆಲ್ಫಾ-5 ಕೂಡ ಬಹುಪಾಲು ಹೊರಗಿನದೇ. ಅಲ್ಲಿ ತೇಲಾಡುವ ಅಲ್ಪಸ್ವಲ್ಪ ಗಾಬಾ ಸಾಕು ಇವಕ್ಕೆ, ಸದಾ ಸಣ್ಣಗೆ ಬ್ರೇಕ್ ಒತ್ತಿಕೊಂಡಿರುತ್ತವೆ. ಹಾಗಾಗಿ ನಿಮ್ಮ ಆಲ್ಫಾ-5 ಮಬ್ಬು ನಿಜವೇ ಇರಬಹುದು. ಆಲ್ಫಾ-1 ಮಬ್ಬು ಮಾತ್ರ ನನಗೆ ಅನುಮಾನ.

ದುಡ್ಡು ಖರ್ಚು ಮಾಡಲೇಬೇಕು ಅಂದರೆ ಗೆಫಿರಿನ್ ಮತ್ತು ವಿಜಿಎಟಿ (ಗಾಬಾ ಬಿಡುವ ನರತುದಿಯ ಪ್ರೋಟೀನ್) ಆಂಟಿಬಾಡಿ ತರಿಸಿ, ಆಲ್ಫಾ-1 ಜೊತೆಗೇ ಹಾಕಿ. ಆಚೆ ಬದಿಯಲ್ಲಿ ವಿಜಿಎಟಿ ಇಲ್ಲದ ಚುಕ್ಕೆಯನ್ನು ಸಿನಾಪ್ಸ್ ಅಂತ ಎಣಿಸಬೇಡಿ.