ಕಾಳು ಇಟ್ಟರೂ ವಲಸೆ ಹಕ್ಕಿ ಬರುತ್ತಿಲ್ಲ ಅಂದಿದ್ದಕ್ಕೆ

ಎಡವಟ್ಟು ಕಾಳಿನದ್ದೇ ಇರಬೇಕು. ಎರಡು ವಾರದಿಂದ ಇಟ್ಟರೂ ಗುಬ್ಬಿ, ಪಾರಿವಾಳ ಬಿಟ್ಟು ಬೇರೇನೂ ಕಾಣುತ್ತಿಲ್ಲ ಅಂತ ಬರೆದಿದ್ದೀರಿ. ವಸಂತದಲ್ಲಿ ಹಾದುಹೋಗುವ ಉಲಿಯಕ್ಕಿ, ನೊಣಹಿಡುಕದಂಥ ಪುಟ್ಟ ಹಕ್ಕಿಗಳಿಗೆ ಬೇಕಾದದ್ದು ಹುಳುಹುಪ್ಪಟೆ. ಕಾಳಿನ ಕಡೆ ಅವು ತಿರುಗಿಯೂ ನೋಡುವುದಿಲ್ಲ.

ಮೊದಲು ನೀರಿಡಿ. ಅಗಲವಾದ ತಟ್ಟೆ, 2-3 ಸೆಂಟಿಮೀಟರ್ ಆಳ ಸಾಕು, ಮಧ್ಯೆ ಒಂದು ಒರಟು ಕಲ್ಲು. ಅದರ ಮೇಲೆ, ತಳಕ್ಕೆ ಸೂಜಿಯಷ್ಟು ತೂತು ಮಾಡಿದ ಬಾಟಲಿ ತೂಗುಹಾಕಿ. ಟಪ್ ಟಪ್ ಅಂತ ಬೀಳುವ ಹನಿಗೆ ಬಂದಷ್ಟು ಸುಮ್ನೆ ನಿಂತ ನೀರಿಗೆ ಹಕ್ಕಿ ಬರುವುದಿಲ್ಲ. ನೀರು ದಿನಾ ಬದಲಿಸಿ. ಆಮೇಲೆ ಕೀಟನಾಶಕ ಹೊಡೆಯುವುದು ನಿಲ್ಲಿಸಿ. ಗಿಡದ ಬುಡದ ತರಗೆಲೆ ಹಾಗೇ ಇರಲಿ, ಹುಳು ಸಿಗುವುದು ಅಲ್ಲೇ.

ಇನ್ನು ಹೊತ್ತು. ಈ ಪುಟ್ಟ ಹಕ್ಕಿಗಳಲ್ಲಿ ಹೆಚ್ಚಿನವು ರಾತ್ರಿ ಹಾರಿ, ಬೆಳಕು ಹರಿಯುವಾಗ ಇಳಿಯುತ್ತವೆ. ಹಸಿದಿರುತ್ತವೆ ಅಲ್ವಾ, ಹಾಗಾಗಿ ಸೂರ್ಯ ಹುಟ್ಟಿದ ಮೊದಲ ಎರಡು ಗಂಟೆ ಓಡಾಟ ಜಾಸ್ತಿ. ರಾತ್ರಿ ಮಳೆ ಬಿದ್ದ ಮರುದಿನವಂತೂ ತಪ್ಪಿಸಬೇಡಿ. ಒಂದೇ ಕಡೆ ಕೂತು ಎಲೆಗಳನ್ನು ನೋಡಿ. ಗಾಳಿಗೆ ಇಡೀ ಕೊಂಬೆ ತೂಗುತ್ತದೆ, ಹಕ್ಕಿ ಇದ್ದರೆ ಒಂದೆರಡು ಎಲೆ ಮಾತ್ರ ಮಿಡಿಯುತ್ತವೆ. ಅಲ್ಲಿಂದ ಕಣ್ಣು ಕೀಳದೆ ಬೈನಾಕ್ಯುಲರ್ ಮೇಲೆತ್ತಿ. ಅದನ್ನು ಹುಡುಕಲು ಕೆಳಗೆ ನೋಡಿ ನಾನು ಕಳೆದುಕೊಂಡ ಹಕ್ಕಿಗಳಿಗೆ ಲೆಕ್ಕವಿಲ್ಲ.

ಎಷ್ಟು ದಿನಕ್ಕೆ ಬರುತ್ತವೆ ಅನ್ನುವುದು ನಿಮ್ಮ ತೋಟ ಅವುಗಳ ದಾರಿಯಲ್ಲಿದೆಯೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆ, ಅದನ್ನು ಕೂತಲ್ಲಿಂದ ಹೇಳಲಾಗದು. ನಾಳೆಯೇ ತಟ್ಟೆ ಇಟ್ಟು ಒಂದು ವಾರ ಬೆಳಿಗ್ಗೆ ಕೂತು ನೋಡಿ.